ಕೆನಡಾದಲ್ಲಿ ಪೈಲಟ್ ಲೈಸೆನ್ಸ್ ಮತ್ತು ಪಿಆರ್: ಮೊದಲು ಯಾವುದು?

ಪ್ರಶ್ನೆ: ನನಗೆ 24 ವರ್ಷ, ಊರು ದಾವಣಗೆರೆ. ಮೆಕ್ಯಾನಿಕಲ್ ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಡಿಸೈನ್ ಎಂಜಿನಿಯರ್ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು. ಮದುವೆಯಾಗಿಲ್ಲ. ಪೈಲಟ್ ಆಗಬೇಕು, ಕೆನಡಾದಲ್ಲೇ ನೆಲೆಸಬೇಕು ಎಂಬ ಆಸೆ. ಅಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್ (ಸಿಪಿಎಲ್) ಮಾಡಿಕೊಂಡರೆ ಪಿಆರ್, ಅಂದರೆ ಕಾಯಂ ವಾಸದ ಹಕ್ಕು, ತಾನಾಗಿಯೇ ಬರುತ್ತದೆ ಎನ್ನುತ್ತಾರೆ ಏಜೆಂಟರು. ಅಪ್ಪ ಸೈಟು ಮಾರಿ 70 ಲಕ್ಷ ಹೊಂದಿಸಲು ಒಪ್ಪಿದ್ದಾರೆ. ಏಜೆಂಟರ ಮಾತು ನಿಜವೇ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಜವಲ್ಲ. ಸೈಟು ಮಾರುವ ಮುನ್ನ ಇದನ್ನು ಪೂರ್ತಿ ಓದಿ, ಸಾಧ್ಯವಾದರೆ ನಿಮ್ಮ ತಂದೆಯವರಿಗೂ ಓದಿ ಹೇಳಿ.

ಲೈಸೆನ್ಸ್ ಕೊಡುವುದು ಸಾರಿಗೆ ಇಲಾಖೆಯಾದ ಟ್ರಾನ್ಸ್‌ಪೋರ್ಟ್ ಕೆನಡಾ, ಪಿಆರ್ ಕೊಡುವುದು ವಲಸೆ ಇಲಾಖೆಯಾದ ಐಆರ್‌ಸಿಸಿ. ಟ್ರಾನ್ಸ್‌ಪೋರ್ಟ್ ಕೆನಡಾ ನಿಮ್ಮ ವಯಸ್ಸು, ಆರೋಗ್ಯ, ಹಾರಾಟದ ಗಂಟೆ, ಪರೀಕ್ಷೆಯ ಅಂಕ ನೋಡುತ್ತದೆ. ನೀವು ಅಲ್ಲಿನ ಪ್ರಜೆಯೋ ವಿದ್ಯಾರ್ಥಿಯೋ ಎಂಬುದು ಲೈಸೆನ್ಸಿಗೆ ಅಡ್ಡಿಯಲ್ಲ. ಐಆರ್‌ಸಿಸಿ ನಿಮ್ಮ ಓದು, ಭಾಷೆ, ವಯಸ್ಸು, ಸಂಬಳದ ಕೆಲಸದ ಅನುಭವ ನೋಡುತ್ತದೆ. ಅದರ ಅಂಕಪಟ್ಟಿಯಲ್ಲಿ ಪೈಲಟ್ ಲೈಸೆನ್ಸ್ ಎಂಬ ಕಲಮೇ ಇಲ್ಲ. 200 ಗಂಟೆ ಹಾರಿದವನಿಗೂ ಒಮ್ಮೆಯೂ ವಿಮಾನ ಹತ್ತದವನಿಗೂ ಆ ಲೆಕ್ಕದಲ್ಲಿ ಒಂದು ಅಂಕದ ವ್ಯತ್ಯಾಸವೂ ಬರುವುದಿಲ್ಲ. ಲೈಸೆನ್ಸ್ ಪಡೆದು, ಅದರಿಂದ ಕೆಲಸ ಪಡೆದು, ಆ ಕೆಲಸ ಸರಿಯಾದ ರೀತಿಯದ್ದಾಗಿದ್ದು, ಅದರಲ್ಲಿ ವರ್ಷಗಟ್ಟಲೆ ದುಡಿದರೆ ಮಾತ್ರ ಅಂಕ. ಈ ಸರಪಳಿಯಲ್ಲಿ ಎಲ್ಲೆಲ್ಲಿ ಕೊಂಡಿ ಕಳಚುತ್ತದೆ ಎಂಬುದನ್ನು ಏಜೆಂಟರು ಹೇಳುವುದಿಲ್ಲ.

ನಿಮ್ಮ ಅಂಕ ಎಷ್ಟು?

ಎಕ್ಸ್‌ಪ್ರೆಸ್ ಎಂಟ್ರಿ ಎಂದರೆ ಅರ್ಜಿದಾರರಿಗೆ ಅಂಕ ಕೊಟ್ಟು, ಆಗಾಗ ನಡೆಸುವ ಸುತ್ತುಗಳಲ್ಲಿ ಹೆಚ್ಚು ಅಂಕದವರನ್ನು ಪಿಆರ್‌ಗೆ ಕರೆಯುವ ವ್ಯವಸ್ಥೆ. ಅದರ ಸಿಆರ್‌ಎಸ್ ಎಂಬ ಅಂಕದ ಲೆಕ್ಕವನ್ನು ನಿಮ್ಮದೇ ವಿವರ ಹಾಕಿ ನೋಡೋಣ. ಒಂಟಿ ಅರ್ಜಿದಾರರಿಗೆ 20ರಿಂದ 29 ವಯಸ್ಸಿನವರೆಗೆ 110 ಅಂಕ. ನಾಲ್ಕು ವರ್ಷದ ಬಿ.ಇ.ಗೆ, ಅದು ಕೆನಡಾದ ಡಿಗ್ರಿಗೆ ಸಮ ಎಂಬ ಮೌಲ್ಯಾಂಕನ ವರದಿ ಬಂದ ಮೇಲೆ, 120. ಇಂಗ್ಲಿಷಿನಲ್ಲಿ ನಾಲ್ಕೂ ವಿಭಾಗದಲ್ಲಿ ಸಿಎಲ್‌ಬಿ (ಕೆನಡಾದ ಭಾಷಾಮಟ್ಟದ ಅಳತೆ) 10 ಬಂದರೆ 136; ಐಇಎಲ್‌ಟಿಎಸ್ ಜನರಲ್‌ನಲ್ಲಿ ಇದಕ್ಕೆ ಲಿಸನಿಂಗ್ 8.5, ರೀಡಿಂಗ್ 8, ರೈಟಿಂಗ್ ಮತ್ತು ಸ್ಪೀಕಿಂಗ್ ತಲಾ 7.5 ಬೇಕು. ಡಿಗ್ರಿ ಮತ್ತು ಇಂಗ್ಲಿಷ್ ಜೊತೆಯಾದುದಕ್ಕೆ 25. ಭಾರತದ ಎರಡು ವರ್ಷದ ಅನುಭವ ಮತ್ತು ಇಂಗ್ಲಿಷ್ ಜೊತೆಯಾದುದಕ್ಕೆ ಇನ್ನೊಂದು 25. ಒಟ್ಟು 416.

ಈಗ ಏಜೆಂಟರ ದಾರಿ. ಕೆನಡಾಕ್ಕೆ ಹೋಗಿ ಸಿಪಿಎಲ್ ಮುಗಿಸಿ ಒಂದು ವರ್ಷ ಪೂರ್ಣಾವಧಿ ಫ್ಲೈಯಿಂಗ್ ಇನ್‌ಸ್ಟ್ರಕ್ಟರ್ ಆಗಿ ದುಡಿದಿರಿ ಎನ್ನಿ. ಆ ಅನುಭವಕ್ಕೆ 40, ಅದು ನಿಮ್ಮ ಡಿಗ್ರಿಯೊಡನೆ ಸೇರಿದ್ದಕ್ಕೆ 13, ಭಾರತದ ಅನುಭವದೊಡನೆ ಸೇರಿದ್ದಕ್ಕೆ 13. ಮೊತ್ತ 482. ಕೆನಡಾ ಅನುಭವ ಇರುವವರಿಗಾಗಿ ಇರುವ ಸಿಇಸಿ ವಿಭಾಗದ ಸುತ್ತುಗಳ ಕನಿಷ್ಠ ಅಂಕ 2025ರಲ್ಲಿ ಎಲ್ಲ ಸಲವೂ 500ರ ಮೇಲೆಯೇ ನಿಂತಿತು. ಇನ್ನೊಂದು ವರ್ಷ ದುಡಿದು ಎರಡು ವರ್ಷ ಪೂರೈಸಿದರೆ 519 ಆಗುತ್ತದೆ. ಆಗ ಬಾಗಿಲ ಹತ್ತಿರ ಬಂದಂತೆ, ಆದರೆ ಒಳಗೆ ಹೋದಂತಲ್ಲ: ಅದೇ ವರ್ಷದ ಹಲವು ಸುತ್ತು 520ರಿಂದ 540ರ ಆಸುಪಾಸಿನಲ್ಲಿದ್ದವು. ಅಷ್ಟರಲ್ಲಿ ನಿಮಗೆ 29 ತುಂಬುತ್ತಿರುತ್ತದೆ. 30ನೇ ಹುಟ್ಟುಹಬ್ಬದ ದಿನ ಐದು ಅಂಕ ಹೋಗುತ್ತದೆ, ಆಮೇಲೆ ಪ್ರತಿ ವರ್ಷ ಇನ್ನಷ್ಟು. ಕೆನಡಾದ ಕಂಪನಿಯ ಆಫರ್ ಲೆಟರಿಗೆ ಹಿಂದೆ ಸಿಗುತ್ತಿದ್ದ ಅಂಕವನ್ನು 2025ರ ಮಾರ್ಚ್ 25ರಿಂದ ತೆಗೆದುಹಾಕಿದ್ದಾರೆ. ಈಗಲೂ "ಆಫರ್ ಲೆಟರ್ ಕೊಡಿಸುತ್ತೇನೆ, 50 ಅಂಕ ಬರುತ್ತೆ" ಎಂದು ಯಾರಾದರೂ ಹಣ ಕೇಳಿದರೆ ಎದ್ದು ಬನ್ನಿ.

ಪೈಲಟ್‌ಗಳಿಗೆ ಪ್ರತ್ಯೇಕ ಸುತ್ತು ಇತ್ತಲ್ಲ ಎಂದು ಕೇಳಬಹುದು. 2023ರಲ್ಲಿ ಆರಂಭವಾದ ಸಾರಿಗೆ ವಿಭಾಗದ ಪಟ್ಟಿಯಲ್ಲಿ ಪೈಲಟ್ ಮತ್ತು ಇನ್‌ಸ್ಟ್ರಕ್ಟರ್‌ಗಳ ವೃತ್ತಿ ಸಂಕೇತ 72600 ಇತ್ತು. 2025ರ ಆರಂಭದಲ್ಲಿ ಆ ವಿಭಾಗವನ್ನೇ ಕೈಬಿಟ್ಟರು, 2026ರಲ್ಲಿ ಪೈಲಟ್‌ಗಳನ್ನು ಸೇರಿಸಿ ಮತ್ತೆ ತಂದರು. ಇಂಥ ಪಟ್ಟಿ ಬರುತ್ತದೆ, ಹೋಗುತ್ತದೆ, ಮತ್ತೆ ಬರುತ್ತದೆ. ಎರಡು-ಮೂರು ವರ್ಷದ ತರಬೇತಿಯನ್ನೂ ಒಂದು ಸೈಟಿನ ಹಣವನ್ನೂ ಇದರ ಮೇಲೆ ಕಟ್ಟಬಾರದು.

ನನ್ನ ಸಲಹೆ: ಮೊದಲು ಫ್ರೆಂಚ್, ಆಮೇಲೆ ಪಿಆರ್, ಆಮೇಲೆ ವಿಮಾನ

ವಿಚಿತ್ರವಾಗಿ ಕಾಣಬಹುದು, ಆದರೆ ಲೆಕ್ಕ ಸರಳ. ಕೆಲಸ ಬಿಡಬೇಡಿ. ಬೆಂಗಳೂರಿನಲ್ಲೇ ಇದ್ದು ವಾರಕ್ಕೆ 10-12 ಗಂಟೆಯಂತೆ ಒಂದೂವರೆ ವರ್ಷ ಫ್ರೆಂಚ್ ಕಲಿಯಿರಿ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್ ಇದೆ, ಆನ್‌ಲೈನ್ ಕ್ಲಾಸುಗಳಿವೆ. ಗುರಿ ನಾಲ್ಕೂ ವಿಭಾಗದಲ್ಲಿ ಎನ್‌ಸಿಎಲ್‌ಸಿ (ಸಿಎಲ್‌ಬಿಯಂಥದ್ದೇ ಫ್ರೆಂಚ್ ಅಳತೆ) 7, ಅಂದರೆ ಹೆಚ್ಚುಕಡಿಮೆ ಬಿ2 ಮಟ್ಟ. ಪರೀಕ್ಷೆ ಟಿಇಎಫ್ ಕೆನಡಾ ಅಥವಾ ಟಿಸಿಎಫ್ ಕೆನಡಾ. ಬೇರೆ ಫ್ರೆಂಚ್ ಸರ್ಟಿಫಿಕೇಟು ಇಲ್ಲಿ ನಡೆಯುವುದಿಲ್ಲ.

ಇದರಿಂದ ಬರುವುದು ಎರಡನೇ ಭಾಷೆಗೆ 12, ಜೊತೆಗೆ ಹೆಚ್ಚುವರಿ 50, ಒಟ್ಟು 62. ಅಷ್ಟರಲ್ಲಿ ಭಾರತದ ಅನುಭವ ಮೂರು ವರ್ಷ ದಾಟಿ ಅದರ 25 ಅಂಕ 50 ಆಗಿರುತ್ತದೆ. 416ಕ್ಕೆ ಇವೆರಡನ್ನೂ ಸೇರಿಸಿದರೆ 503. ಫ್ರೆಂಚ್ ಬಲ್ಲವರಿಗೆ ನಡೆಯುವ ಪ್ರತ್ಯೇಕ ಸುತ್ತುಗಳು 2025ರಲ್ಲಿ ಸುಮಾರು 380ರಿಂದ 480ರ ನಡುವೆ ನಿಂತವು. ಇಂಗ್ಲಿಷಿನಲ್ಲಿ ಸ್ವಲ್ಪ ಕಡಿಮೆ ಬಂದು ಸಿಎಲ್‌ಬಿ 9ಕ್ಕೆ ನಿಂತರೂ 491 ಇರುತ್ತದೆ. ಒಂದು ವಿಭಾಗದಲ್ಲಿ ಎನ್‌ಸಿಎಲ್‌ಸಿ 6 ಬಂದರೂ ಆ 50 ಅಂಕವೂ ಆ ಸುತ್ತಿನ ಅರ್ಹತೆಯೂ ಕೈತಪ್ಪುತ್ತದೆ. ಸಾಮಾನ್ಯವಾಗಿ ಎಡವುವುದು ಲಿಸನಿಂಗ್ ಮತ್ತು ಸ್ಪೀಕಿಂಗ್‌ನಲ್ಲಿ. ವ್ಯಾಕರಣವನ್ನು ನಮ್ಮ ಹುಡುಗರು ಹೇಗೋ ಅರೆದು ಕುಡಿಯುತ್ತಾರೆ, ಎದುರಿಗೆ ಕೂತವರ ಜೊತೆ ಮಾತಾಡುವ ಅಭ್ಯಾಸ ಮಾಡುವುದಿಲ್ಲ.

ಕರೆ ಬಂದ ಮೇಲೆ ದಾಖಲೆ ಸಲ್ಲಿಸಲು 60 ದಿನ ಮಾತ್ರ. ಪೊಲೀಸ್ ಕ್ಲಿಯರೆನ್ಸ್, ಕಂಪನಿಯಿಂದ ಕೆಲಸದ ವಿವರ ಮತ್ತು ವಾರದ ಗಂಟೆ ಇರುವ ಅನುಭವ ಪತ್ರ, ಒಬ್ಬರಿಗೆ ಸುಮಾರು 15 ಸಾವಿರ ಕೆನಡಾ ಡಾಲರಿನಷ್ಟು ಹಣ ಆರು ತಿಂಗಳಿಂದ ಖಾತೆಯಲ್ಲಿರುವ ಪುರಾವೆ, ಇವನ್ನು ಮೊದಲೇ ಸಿದ್ಧ ಮಾಡಿಟ್ಟುಕೊಳ್ಳಿ. ಕೊನೇ ತಿಂಗಳಲ್ಲಿ ಚಿಕ್ಕಪ್ಪನಿಂದ ಬಂದು ಬಿದ್ದ ಹಣಕ್ಕೆ ಪತ್ರವಿಲ್ಲದಿದ್ದರೆ ಪ್ರಶ್ನೆ ಏಳುತ್ತದೆ.

ಪಿಆರ್ ಕೈಯಲ್ಲಿಟ್ಟುಕೊಂಡು ಹಾರಾಟ ಕಲಿಯುವವನ ಸ್ಥಿತಿಯೇ ಬೇರೆ. ಸ್ಟಡಿ ಪರ್ಮಿಟ್ ಬೇಡ. ವಲಸೆ ಇಲಾಖೆ ಗುರುತಿಸಿದ ಶಾಲೆಯೇ ಆಗಬೇಕೆಂದಿಲ್ಲ. ಊರ ಅಂಚಿನ ಸಣ್ಣ ಫ್ಲೈಯಿಂಗ್ ಕ್ಲಬ್ಬಿನಲ್ಲೂ ಕಲಿಯಬಹುದು. ವಾರದ ದಿನ ಎಂಜಿನಿಯರ್ ಕೆಲಸ, ವಾರಾಂತ್ಯ ಹಾರಾಟ. ಹಣ ಕಡಿಮೆಯಾದರೆ ಎರಡು ತಿಂಗಳು ನಿಲ್ಲಿಸಿದರೂ ವೀಸಾ ಕೆಡುವುದಿಲ್ಲ. ಮುಖ್ಯವಾಗಿ, ಮೊದಲ ಪೈಲಟ್ ಕೆಲಸ ಎಂಥದ್ದೇ ಆಗಿರಲಿ, ಅದು ವಲಸೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಎಂಬ ಚಿಂತೆಯಿರುವುದಿಲ್ಲ. ಇದರ ನಷ್ಟ ಸಮಯ: 26-27ಕ್ಕೆ ಆಗಬಹುದಾದ ಸಿಪಿಎಲ್ 30-31ಕ್ಕೆ ಆಗುತ್ತದೆ. ಏರ್‌ಲೈನಿನಲ್ಲಿ ಎಲ್ಲವೂ ಸೀನಿಯಾರಿಟಿ ಮೇಲೆ ನಡೆಯುವುದರಿಂದ ಇದು ಸಣ್ಣ ನಷ್ಟವೇನಲ್ಲ, ಆದರೂ ನಿಮ್ಮ ವಿಷಯದಲ್ಲಿ ನಾನು ಇದನ್ನೇ ಆರಿಸುತ್ತೇನೆ.

ಹಾರಾಟದ ಮೆಟ್ಟಿಲುಗಳು

ಯಾವ ದಾರಿಯಲ್ಲಿ ಹೋದರೂ ಟ್ರಾನ್ಸ್‌ಪೋರ್ಟ್ ಕೆನಡಾ ಕೇಳುವುದು ಒಂದೇ. ಮೊದಲು ಮೆಡಿಕಲ್. ಕಮರ್ಷಿಯಲ್‌ಗೆ ಕೆಟಗರಿ 1 ಬೇಕು. ಶಾಲೆಗೆ ಹಣ ಕಟ್ಟುವ ಮುನ್ನ ಇದನ್ನು ಮುಗಿಸಿ. ದೂರದೃಷ್ಟಿ ಕನ್ನಡಕ ಹಾಕಿಯೋ ಹಾಕದೆಯೋ ಪ್ರತಿ ಕಣ್ಣಿಗೂ 6/9 ಇರಬೇಕು, ಬಣ್ಣ ಗುರುತಿಸಬೇಕು, ಮೊದಲ ತಪಾಸಣೆಯಲ್ಲಿ ಇಸಿಜಿ ಮತ್ತು ಶ್ರವಣ ಪರೀಕ್ಷೆ ಇರುತ್ತದೆ. ಭಾರತದಲ್ಲಿರುವಾಗಲೇ ಇಲ್ಲಿನ ವಿಮಾನಯಾನ ನಿಯಂತ್ರಕರಾದ ಡಿಜಿಸಿಎ ಮಾನ್ಯ ವೈದ್ಯರ ಬಳಿ ಕ್ಲಾಸ್ 2 ತಪಾಸಣೆ ಮಾಡಿಸಿದರೆ ಅದು ಕೆನಡಾದಲ್ಲಿ ಲೆಕ್ಕಕ್ಕಿಲ್ಲ, ಆದರೆ ವರ್ಣಾಂಧತೆ ಅಥವಾ ಹೃದಯದ ತೊಂದರೆಯಂಥದ್ದು ಇದ್ದರೆ ಕೆಲವು ಸಾವಿರ ರೂಪಾಯಿಯಲ್ಲೇ ಗೊತ್ತಾಗುತ್ತದೆ. ವೀಸಾಕ್ಕೆ ಮಾಡಿಸುವ ಮೆಡಿಕಲ್ ಬೇರೆ, ಅದನ್ನು ಮಾಡುವ ಪ್ಯಾನೆಲ್ ವೈದ್ಯರೂ ಬೇರೆ. "ವೀಸಾ ಮೆಡಿಕಲ್ ಪಾಸಾಗಿದೆ" ಎಂದು ಹೊರಟು ಅಲ್ಲಿ ಕೆಟಗರಿ 1 ಸಿಗದೆ ಕೂತವರಿದ್ದಾರೆ.

ಮೊದಲ ಸೋಲೊ, ಅಂದರೆ ಒಬ್ಬರೇ ಹಾರುವ, ಹಾರಾಟಕ್ಕೆ ಸ್ಟೂಡೆಂಟ್ ಪೈಲಟ್ ಪರ್ಮಿಟ್ ಬೇಕು. ಅದಕ್ಕೆ ಪಿಸ್ಟಾರ್ ಎಂಬ 50 ಪ್ರಶ್ನೆಯ ಪರೀಕ್ಷೆ, 90 ಶೇಕಡಾ ಬಂದರೆ ಪಾಸ್. ಪ್ರಶ್ನೆಭಂಡಾರ ಬಹಿರಂಗವಾಗಿಯೇ ಇದೆ. ರೇಡಿಯೊ ಬಳಸಲು ಪ್ರತ್ಯೇಕ ಆಪರೇಟರ್ ಸರ್ಟಿಫಿಕೇಟು. ವಿಮಾನಯಾನದ ಇಂಗ್ಲಿಷ್ ಪರೀಕ್ಷೆಯೂ ಪ್ರತ್ಯೇಕ. ಐಇಎಲ್‌ಟಿಎಸ್ ಅಂಕಪಟ್ಟಿ ತೋರಿಸಿದರೆ ಅದು ಮಾಫಿಯಾಗುವುದಿಲ್ಲ.

ಪ್ರೈವೇಟ್ ಲೈಸೆನ್ಸಿಗೆ ಕನಿಷ್ಠ 45 ಗಂಟೆ: ಅದರಲ್ಲಿ ಶಿಕ್ಷಕರ ಜೊತೆ ಡ್ಯುಯಲ್ 17, ಸೋಲೊ 12. ವಾಸ್ತವದಲ್ಲಿ 60-75 ಗಂಟೆ ಹಿಡಿಯುತ್ತದೆ, ಬಜೆಟ್ಟನ್ನು 70ಕ್ಕೆ ಹಾಕಿ. ಗ್ರೌಂಡ್ ಸ್ಕೂಲ್ 40 ಗಂಟೆ, ನಂತರ 100 ಪ್ರಶ್ನೆಯ ಲಿಖಿತ ಪರೀಕ್ಷೆ. ಏರ್ ಲಾ, ನ್ಯಾವಿಗೇಷನ್, ಹವಾಮಾನ, ಸಾಮಾನ್ಯ ಜ್ಞಾನ ಎಂಬ ನಾಲ್ಕೂ ಭಾಗದಲ್ಲಿ ಪ್ರತ್ಯೇಕವಾಗಿ 60 ಶೇಕಡಾ ಬರಬೇಕು. ಬರೆದ ಪರೀಕ್ಷೆ 24 ತಿಂಗಳು ಮಾತ್ರ ಚಾಲ್ತಿಯಲ್ಲಿರುತ್ತದೆ; ಅಷ್ಟರಲ್ಲಿ ಫ್ಲೈಟ್ ಟೆಸ್ಟ್ ಮುಗಿದು ಲೈಸೆನ್ಸ್ ಅರ್ಜಿ ಹೋಗಿರಬೇಕು. ವಾರಾಂತ್ಯದಲ್ಲಿ ಕಲಿಯುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳುವುದು ಒಳ್ಳೆಯದು.

ಕಮರ್ಷಿಯಲ್‌ಗೆ ಒಟ್ಟು 200 ಗಂಟೆ. ಜನ ಈ ಸಂಖ್ಯೆಯನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ, ಎಡವಟ್ಟು ಆಗುವುದು ಅದರ ಒಳಲೆಕ್ಕದಲ್ಲಿ. 200ರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್, ಅಂದರೆ ವಿಮಾನದ ಹೊಣೆ ಹೊತ್ತವರು, ಆಗಿರಬೇಕು, ಅದರಲ್ಲಿ 20 ಕ್ರಾಸ್ ಕಂಟ್ರಿ, ಅಂದರೆ ಊರಿಂದೂರಿಗೆ ಹಾರುವುದು. ಪ್ರೈವೇಟ್ ಲೈಸೆನ್ಸ್ ಆದ ಮೇಲೆ 65 ಗಂಟೆಯ ಕಮರ್ಷಿಯಲ್ ತರಬೇತಿ: ಡ್ಯುಯಲ್ 35, ಅದರಲ್ಲಿ ಇನ್‌ಸ್ಟ್ರುಮೆಂಟ್ 20 (ಹೊರಗೆ ನೋಡದೆ ಉಪಕರಣ ನೋಡಿಯೇ ಹಾರುವುದು; ಇದರ 10 ಗಂಟೆ ಸಿಮ್ಯುಲೇಟರಿನಲ್ಲಿ ಆಗಬಹುದು), ರಾತ್ರಿ 5, ಕ್ರಾಸ್ ಕಂಟ್ರಿ 5. ಸೋಲೊ 30, ಅದರಲ್ಲಿ ರಾತ್ರಿ 5 ಗಂಟೆ ಮತ್ತು 10 ಟೇಕಾಫ್-ಲ್ಯಾಂಡಿಂಗ್. ಜೊತೆಗೆ ಒಂದು ಉದ್ದದ ಪ್ರಯಾಣ: ಹೊರಟ ಜಾಗದಿಂದ ನೇರ ಗೆರೆಯಲ್ಲಿ 300 ನಾಟಿಕಲ್ ಮೈಲಿ ದೂರದ ಬಿಂದುವನ್ನು ಮುಟ್ಟಿ, ಬೇರೆ ಮೂರು ಕಡೆ ಇಳಿದಿರಬೇಕು. ಅಂದರೆ 555 ಕಿಲೋಮೀಟರ್. ಬೆಂಗಳೂರಿನಿಂದ ಹೊರಟರೆ ಹೈದರಾಬಾದ್ ದಾಟಿ ಮುಂದೆ. ಸುತ್ತಿ ಬಳಸಿ ಹಾರಿ ಒಟ್ಟು 300 ಮೈಲಿ ಮಾಡಿದರೆ ಆಗುವುದಿಲ್ಲ. 290ಕ್ಕೆ ತಿರುಗಿ ಬಂದು, ಅರ್ಜಿ ವಾಪಸ್ಸಾದ ಮೇಲೆ ಇನ್ನೊಮ್ಮೆ ಇಡೀ ಪ್ರಯಾಣದ ಖರ್ಚು ಹಾಕಬೇಕಾಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು: ಆತ್ಮವಿಶ್ವಾಸ ಕಡಿಮೆಯಿದ್ದು ಶಿಕ್ಷಕರನ್ನು ಕೂರಿಸಿಕೊಂಡೇ ಹೆಚ್ಚು ಹಾರುವುದು. 200 ಗಂಟೆ ತುಂಬಿದಾಗ ಕಮಾಂಡ್ ಗಂಟೆ 80 ಮಾತ್ರ ಇರುತ್ತದೆ, ಉಳಿದ 20ಕ್ಕೆ ಐದು ಸಾವಿರ ಡಾಲರಿನ ಹತ್ತಿರ ಹೆಚ್ಚುವರಿ. ಲಾಗ್‌ಬುಕ್ಕಿನ ಕಲಮುಗಳನ್ನು ಪ್ರತಿ 25 ಗಂಟೆಗೊಮ್ಮೆ ಕೂಡಿ, ಯಾವುದು ಎಷ್ಟು ಬಾಕಿ ಎಂದು ಬರೆದಿಟ್ಟುಕೊಳ್ಳಿ. ಕಮಾಂಡ್ ಗಂಟೆ ತುಂಬಿಸಲು ಊರ ಮೇಲೆಯೇ ಗಿರಕಿ ಹೊಡೆಯಬೇಡಿ. ಮುಂದೆ ಇನ್‌ಸ್ಟ್ರುಮೆಂಟ್ ರೇಟಿಂಗಿಗೆ 50 ಗಂಟೆ ಕಮಾಂಡ್ ಕ್ರಾಸ್ ಕಂಟ್ರಿ ಮತ್ತು 40 ಗಂಟೆ ಇನ್‌ಸ್ಟ್ರುಮೆಂಟ್ ಸಮಯ ಬೇಕು, ಇನ್ರಾಟ್ ಲಿಖಿತ ಪರೀಕ್ಷೆಯಲ್ಲಿ 70 ಶೇಕಡಾ ಬರಬೇಕು. ಒಂದೇ ಹಾರಾಟ ಎರಡೂ ಲೆಕ್ಕಕ್ಕೆ ಬರುವಂತೆ ಯೋಜಿಸಿದರೆ ಹಣ ಉಳಿಯುತ್ತದೆ. ಬರಿ ಸಿಪಿಎಲ್ ಇದ್ದು ಮಲ್ಟಿ ಎಂಜಿನ್ ಮತ್ತು ಇನ್‌ಸ್ಟ್ರುಮೆಂಟ್ ರೇಟಿಂಗ್ ಇಲ್ಲದವರಿಗೆ ಏರ್‌ಲೈನ್ ಕಡೆ ದಾರಿಯಿಲ್ಲ. ಏರ್‌ಲೈನ್ ಕ್ಯಾಪ್ಟನ್ ಆಗಲು ಬೇಕಾದ ಎಟಿಪಿಎಲ್‌ಗೆ 1,500 ಗಂಟೆ, ಅದು ದುಡಿಯುತ್ತಾ ತುಂಬುವಂಥದ್ದು.

ಹವಾಮಾನವನ್ನೂ ಲೆಕ್ಕಕ್ಕಿಟ್ಟುಕೊಳ್ಳಿ. ಬ್ರಿಟಿಷ್ ಕೊಲಂಬಿಯಾದ ಕರಾವಳಿಯಲ್ಲಿ ಅಕ್ಟೋಬರಿನಿಂದ ಮಾರ್ಚ್ ತನಕ ಮಳೆ, ತಗ್ಗು ಮೋಡ. ವಾರಗಟ್ಟಲೆ ಕ್ರಾಸ್ ಕಂಟ್ರಿ ರದ್ದಾಗುತ್ತದೆ. ಮ್ಯಾನಿಟೋಬ, ಸಸ್ಕ್ಯಾಚುವನ್, ಆಲ್ಬರ್ಟಾದ ಬಯಲು ಸೀಮೆಯಲ್ಲಿ ಆಕಾಶ ತೆರೆದಿರುತ್ತದೆ, ಚಳಿ ಕೊಲ್ಲುತ್ತದೆ: ಮೈನಸ್ 25ರ ಆಸುಪಾಸಿನಲ್ಲಿ ಹಲವು ಶಾಲೆಗಳು ಹಾರಾಟ ನಿಲ್ಲಿಸುತ್ತವೆ. ಎಂಜಿನನ್ನು ಮೊದಲೇ ಬಿಸಿ ಮಾಡಬೇಕು, ರೆಕ್ಕೆಯ ಮೇಲೆ ತೆಳುವಾದ ಇಬ್ಬನಿಹಿಮ ಇದ್ದರೂ ಹೊರಡುವುದು ಕಾನೂನುಬಾಹಿರ. ಆದರೆ ರಾತ್ರಿ ಗಂಟೆಗಳಿಗೆ ಚಳಿಗಾಲವೇ ಸರಿ. ಡಿಸೆಂಬರಿನಲ್ಲಿ ಸಂಜೆ ಐದಕ್ಕೆಲ್ಲ ಕತ್ತಲು. ಜೂನಿನಲ್ಲಿ ಹತ್ತು ಗಂಟೆಯಾದರೂ ಕಾಯುತ್ತಾ ಕೂರಬೇಕು.

ಖರ್ಚು

ಸೆಸ್ನಾ 172 ಬಾಡಿಗೆ ಇಂಧನ ಸೇರಿ ಗಂಟೆಗೆ ಸುಮಾರು 200ರಿಂದ 260 ಕೆನಡಾ ಡಾಲರ್, ಶಿಕ್ಷಕರಿಗೆ 70ರಿಂದ 90 ಬೇರೆ. ಪ್ರೈವೇಟ್‌ನಿಂದ ಹಿಡಿದು ಕಮರ್ಷಿಯಲ್, ಮಲ್ಟಿ ಎಂಜಿನ್, ಇನ್‌ಸ್ಟ್ರುಮೆಂಟ್, ಇನ್‌ಸ್ಟ್ರಕ್ಟರ್ ರೇಟಿಂಗ್‌ವರೆಗೆ ಎಲ್ಲ ಸೇರಿ 75ರಿಂದ 90 ಸಾವಿರ ಡಾಲರ್ ಎಂದಿಟ್ಟುಕೊಳ್ಳಿ. ವಿದ್ಯಾರ್ಥಿಯಾಗಿ ಹೋದರೆ ಇದರ ಮೇಲೆ ಎರಡು ವರ್ಷದ ಊಟ-ವಸತಿ 40 ಸಾವಿರ. ಡಾಲರಿಗೆ 60-65 ರೂಪಾಯಿಯಂತೆ 70ರಿಂದ 85 ಲಕ್ಷ. ನಿಮ್ಮ 70 ಲಕ್ಷ ಎಲ್ಲವೂ ಸರಿಯಾಗಿ ನಡೆದರಷ್ಟೇ ಸಾಕಾಗುವ ಮೊತ್ತ, ಒಂದು ಫ್ಲೈಟ್ ಟೆಸ್ಟ್ ಫೇಲಾದರೂ ಏರುಪೇರು. ಹಣ ಮುಗಿದು 150 ಗಂಟೆಗೆ ನಿಂತವರ ಕೈಯಲ್ಲಿ ಇರುವುದು ಪ್ರೈವೇಟ್ ಲೈಸೆನ್ಸ್ ಮಾತ್ರ, ಅದರಲ್ಲಿ ದುಡಿಯುವ ಹಾಗಿಲ್ಲ.

ಪೂರ್ತಿ ಹಣವನ್ನು ಶಾಲೆಗೆ ಮುಂಗಡವಾಗಿ ಕಟ್ಟಬೇಡಿ, ಹತ್ತು ಶೇಕಡಾ ರಿಯಾಯಿತಿ ಕೊಡುತ್ತೇವೆಂದರೂ ಸರಿಯೇ. ಫ್ಲೈಯಿಂಗ್ ಶಾಲೆಗಳು ಮುಚ್ಚುವುದುಂಟು. ನಾಲ್ಕೈದು ಸಾವಿರ ಡಾಲರನ್ನು ಖಾತೆಯಲ್ಲಿಟ್ಟು, ಹಾರಿದಂತೆ ಕಳೆಯುವ ಪದ್ಧತಿ ಕೇಳಿ. ಸೇರುವ ಮುನ್ನ ಶಾಲೆಗೆ ಮೂರು ಪ್ರಶ್ನೆ ಬರವಣಿಗೆಯಲ್ಲಿ ಹಾಕಿ: ಹಾರುವ ಸ್ಥಿತಿಯಲ್ಲಿರುವ ವಿಮಾನ ಎಷ್ಟು, ಪೂರ್ಣಾವಧಿ ವಿದ್ಯಾರ್ಥಿಗಳು ಎಷ್ಟು, ಹಿರಿಯ ದರ್ಜೆಯವರಾದ ಕ್ಲಾಸ್ 1 ಮತ್ತು ಕ್ಲಾಸ್ 2 ಶಿಕ್ಷಕರು ಎಷ್ಟು. ವಿಮಾನವೊಂದಕ್ಕೆ ವಿದ್ಯಾರ್ಥಿಗಳು ಹತ್ತು-ಹನ್ನೆರಡು ಇದ್ದರೆ ವಾರಕ್ಕೆ ಎರಡು ಸಲ ಹಾರಾಟ ಸಿಕ್ಕರೆ ಪುಣ್ಯ. ವಾರಕ್ಕೆ ಮೂರು ಸಲ ಹಾರದಿದ್ದರೆ ಕಲಿತದ್ದು ಮರೆತು ಅದೇ ಪಾಠಕ್ಕೆ ಮತ್ತೆ ಹಣ ಕೊಡುತ್ತೀರಿ.

ಆದರೂ ವಿದ್ಯಾರ್ಥಿಯಾಗಿಯೇ ಹೋಗುತ್ತೇನೆ ಎಂದರೆ

ಫ್ರೆಂಚ್ ಒಲಿಯದಿರಬಹುದು, ಕಾಯಲು ಮನಸ್ಸಿಲ್ಲದಿರಬಹುದು. ಹಾಗಿದ್ದರೆ ಇವನ್ನು ಗಮನಿಸಿ.

ಶಾಲೆ ಡಿಎಲ್‌ಐ, ಅಂದರೆ ವಿದೇಶಿ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳಲು ಮಾನ್ಯತೆ ಪಡೆದದ್ದಾಗಿರಬೇಕು. ಎಲ್ಲ ಫ್ಲೈಯಿಂಗ್ ಶಾಲೆಗಳೂ ಅಲ್ಲ. 2024ರ ಜನವರಿಯಿಂದ ವಿದ್ಯಾರ್ಥಿಗಳ ಸಂಖ್ಯೆಗೆ ಮಿತಿ ಬಂದಿದೆ, ಬಹುತೇಕ ಅರ್ಜಿಗಳಿಗೆ ಪ್ರಾಂತ್ಯದ ಅಟೆಸ್ಟೇಷನ್ ಪತ್ರ ಬೇಕು. ಫೀಸು ಬಿಟ್ಟು ಜೀವನ ವೆಚ್ಚಕ್ಕೆ 2025ರ ಸೆಪ್ಟೆಂಬರ್ 1ರಿಂದ 22,895 ಡಾಲರ್ ತೋರಿಸಬೇಕು. ಭಾರತೀಯರಿಗೆ ಬೇಗ ಆಗುತ್ತಿದ್ದ ಎಸ್‌ಡಿಎಸ್ ವ್ಯವಸ್ಥೆ 2024ರ ನವೆಂಬರ್ 8ಕ್ಕೆ ಮುಗಿಯಿತು. ಅದೇ ದಿನದಿಂದ ಇನ್ನೊಂದು ನಿಯಮ: ಶಾಲೆ ಬದಲಿಸಬೇಕೆಂದರೆ ಹೊಸ ಸ್ಟಡಿ ಪರ್ಮಿಟ್ಟಿಗೇ ಅರ್ಜಿ ಹಾಕಬೇಕು. ಆದ್ದರಿಂದ ಶಾಲೆಯ ಆಯ್ಕೆಯಲ್ಲಿ ಮಾಡಿದ ತಪ್ಪು ಈಗ ಸುಲಭಕ್ಕೆ ಸರಿಹೋಗುವುದಿಲ್ಲ. ಬಿ.ಇ. ಮಾಡಿ ಯಾಕೆ ಪೈಲಟ್ ತರಬೇತಿ ಎಂಬ ಪ್ರಶ್ನೆಗೆ ಸ್ಟಡಿ ಪ್ಲಾನಿನಲ್ಲಿ ನೇರ ಉತ್ತರ ಇರಲಿ. ಏಜೆಂಟರು ಎಲ್ಲರಿಗೂ ಕೊಡುವ ಒಂದೇ ಮಾದರಿ ಪತ್ರವನ್ನು ಅಧಿಕಾರಿಗಳು ಸಾಕಷ್ಟು ನೋಡಿದ್ದಾರೆ.

ಕೋರ್ಸ್ ಮುಗಿದ ಮೇಲೆ ಸಿಗುವ ವರ್ಕ್ ಪರ್ಮಿಟ್, ಪಿಜಿಡಬ್ಲ್ಯುಪಿ, ಜೀವನದಲ್ಲಿ ಒಮ್ಮೆ ಮಾತ್ರ. ಫ್ಲೈಟ್ ಶಾಲೆಯವರಿಗೆ ಅದರಲ್ಲಿ ವಿಶೇಷ ಅವಕಾಶ ಇದೆ: ಡಿಎಲ್‌ಐ ಶಾಲೆಯಲ್ಲಿ ಕೋರ್ಸ್ ಮುಗಿಸಿ ಕೆನಡಾದ ಕಮರ್ಷಿಯಲ್ ಲೈಸೆನ್ಸ್ ಪಡೆದಿರಬೇಕು, ಅಥವಾ ಇನ್‌ಸ್ಟ್ರಕ್ಟರ್ ರೇಟಿಂಗ್ ಇದ್ದು ಡಿಎಲ್‌ಐ ಫ್ಲೈಟ್ ಶಾಲೆಯೊಂದರ ಕೆಲಸದ ಆಫರ್ ಇರಬೇಕು. ಅವಧಿ ಮಾತ್ರ ಕೋರ್ಸಿನ ಉದ್ದದ ಮೇಲೆ ನಿಂತಿದೆ. ಎಂಟು ತಿಂಗಳಿಗಿಂತ ಕಡಿಮೆಯಿದ್ದರೆ ಸೊನ್ನೆ. ಎರಡು ವರ್ಷದೊಳಗಿದ್ದರೆ ಕೋರ್ಸ್ ಎಷ್ಟೋ ಅಷ್ಟೇ. ಎರಡು ವರ್ಷ ಅಥವಾ ಮೇಲಿದ್ದರೆ ಮೂರು ವರ್ಷ. "12 ತಿಂಗಳಲ್ಲಿ ಪೈಲಟ್" ಎಂಬ ಜಾಹೀರಾತು ನೋಡಿ ಸೇರಿದವರಿಗೆ ಒಂದೇ ವರ್ಷದ ಪರ್ಮಿಟ್ ಸಿಗುತ್ತದೆ. ಮೇಲಿನ ಲೆಕ್ಕದ ಪ್ರಕಾರ ನಿಮಗೆ ಬೇಕಾದದ್ದು ಎರಡು ವರ್ಷದ ದುಡಿಮೆ. ಕೋರ್ಸ್ ಮುಗಿದ ಪತ್ರ ಬಂದು 180 ದಿನದೊಳಗೆ ಅರ್ಜಿ ಹೋಗಬೇಕು, ಪಾಸ್‌ಪೋರ್ಟ್ ಅವಧಿ ಪರ್ಮಿಟ್ಟಿಗಿಂತ ಉದ್ದವಿರಬೇಕು. ಪಾಸ್‌ಪೋರ್ಟ್ ಮುಗಿಯುವ ದಿನಕ್ಕೇ ಪರ್ಮಿಟ್ಟನ್ನೂ ಕತ್ತರಿಸಿ ಕೊಡುತ್ತಾರೆ.

ಇನ್ನು ಕೆಲಸ. 200 ಗಂಟೆಯವರಿಗೆ ಇರುವ ಮೊದಲ ದಾರಿ ಕ್ಲಾಸ್ 4, ಅಂದರೆ ಆರಂಭದ ದರ್ಜೆಯ, ಇನ್‌ಸ್ಟ್ರಕ್ಟರ್. 30 ಗಂಟೆ ಹಾರಾಟ ತರಬೇತಿ, 25 ಗಂಟೆ ಗ್ರೌಂಡ್ ತರಬೇತಿ, ಪರೀಕ್ಷೆ, ಫ್ಲೈಟ್ ಟೆಸ್ಟ್. ಕ್ಲಾಸ್ 4ನವರು ಹಿರಿಯ ಶಿಕ್ಷಕರ ಮೇಲ್ವಿಚಾರಣೆಯಲ್ಲೇ ಕಲಿಸಬೇಕು. ಕಲಿತ ಶಾಲೆಯೇ ಕೆಲಸ ಕೊಡುವುದು ಹೆಚ್ಚು, ಆದ್ದರಿಂದ ಸೇರುವ ಮುನ್ನವೇ "ನಿಮ್ಮ ವಿದೇಶಿ ವಿದ್ಯಾರ್ಥಿಗಳಲ್ಲಿ ಎಷ್ಟು ಜನರನ್ನು ಶಿಕ್ಷಕರಾಗಿ ಇಟ್ಟುಕೊಂಡಿದ್ದೀರಿ" ಎಂದು ಕೇಳಿ.

ಅತಿ ಹೆಚ್ಚು ಜನ ಮುಗ್ಗರಿಸುವ ಜಾಗ ಇಲ್ಲಿದೆ. ಸಿಇಸಿಗೆ ಒಂದು ವರ್ಷದ ಅನುಭವ ಎಂದರೆ ಸಂಬಳದ 1,560 ಗಂಟೆ, ವಾರಕ್ಕೆ 30 ಗಂಟೆಗಿಂತ ಹೆಚ್ಚು ಲೆಕ್ಕಕ್ಕಿಲ್ಲ. ಸ್ವಂತ ಉದ್ಯೋಗದ ಅನುಭವ ಸಿಇಸಿಗೆ ನಡೆಯುವುದಿಲ್ಲ. ಆದರೆ ಕೆಲವು ಶಾಲೆಗಳು ಶಿಕ್ಷಕರನ್ನು ನೌಕರರಾಗಿ ಇಟ್ಟುಕೊಳ್ಳದೆ ಗುತ್ತಿಗೆದಾರರಂತೆ ಇಟ್ಟುಕೊಳ್ಳುತ್ತವೆ. ವರ್ಷದ ಕೊನೆಯಲ್ಲಿ ನೌಕರರಿಗೆ ಕೊಡುವ ಟಿ4 ತೆರಿಗೆ ಪತ್ರದ ಬದಲು ಟಿ4ಎ ಕೊಡುತ್ತವೆ. ಎರಡು ವರ್ಷ ಬೆವರು ಸುರಿಸಿ, ಕೊನೆಗೆ ಆ ಒಂದು ಅಕ್ಷರದಿಂದ ಇಡೀ ಅನುಭವ ಅನರ್ಹವಾಗಬಹುದು. ಸೇರುವ ದಿನವೇ ನೌಕರ ಒಪ್ಪಂದ, ಸಂಬಳದ ಚೀಟಿ, ಟಿ4 ಕೇಳಿ. ಎರಡನೆಯದು ಗಂಟೆಯ ಲೆಕ್ಕ. ವಿಮಾನ ಹಾರಿದ ಹೊತ್ತಿಗೆ ಮಾತ್ರ ಹಣ ಕೊಡುವ ಶಾಲೆಯಲ್ಲಿ ಜನವರಿ ಫೆಬ್ರವರಿಯಲ್ಲಿ ವಾರಕ್ಕೆ 12 ಗಂಟೆಯೂ ಆಗುವುದಿಲ್ಲ. ಬ್ರೀಫಿಂಗ್, ಗ್ರೌಂಡ್ ಕ್ಲಾಸ್, ಸಿಮ್ಯುಲೇಟರ್ ಪಾಠಕ್ಕೂ ಸಂಬಳ ಕೊಟ್ಟು ಚೀಟಿಯಲ್ಲಿ ತೋರಿಸಬೇಕು. ಲಾಗ್‌ಬುಕ್ ಹಾರಾಟದ ಪುರಾವೆಯಷ್ಟೇ, ಕೆಲಸದ ಗಂಟೆಯ ಪುರಾವೆಯಲ್ಲ.

ಎರಡನೇ ದಾರಿ ಉತ್ತರದ ಸಣ್ಣ ಏರ್ ಆಪರೇಟರುಗಳು. ಅಲ್ಲಿ ಮೊದಲ ಒಂದೆರಡು ವರ್ಷ ರ‍್ಯಾಂಪಿನಲ್ಲಿ ಲಗೇಜ್ ಎತ್ತಿ, ಹಿಮ ಗುಡಿಸಿ, ಆಮೇಲೆ ಬಲಗಡೆ, ಅಂದರೆ ಕೋ-ಪೈಲಟ್, ಸೀಟಿಗೆ ಹತ್ತಿಸುವ ರೂಢಿ. ಕೆನಡಾದ ಹುಡುಗರಿಗೆ ಅದು ಒಳ್ಳೆಯ ದಾರಿಯೇ. ನಿಮಗಲ್ಲ. ರ‍್ಯಾಂಪ್ ಕೆಲಸದ ಸಂಕೇತ 74202, ಅದು ಟಿಯರ್ 4 (ಟಿಯರ್ ಎಂದರೆ ಕೆಲಸದ ದರ್ಜೆ, ಸಂಖ್ಯೆ ಸಣ್ಣದಾದಷ್ಟೂ ಮೇಲಿನದು). ಸಿಇಸಿಗೆ ಟಿಯರ್ 3ರವರೆಗಿನ ಕೆಲಸವಷ್ಟೇ ನಡೆಯುತ್ತದೆ. ಪೈಲಟ್ ಸಂಕೇತ 72600 ಟಿಯರ್ 2. ಪರ್ಮಿಟ್ಟಿನ ಗಡಿಯಾರ ರ‍್ಯಾಂಪಿನಲ್ಲೇ ಓಡಿ ಮುಗಿಯುತ್ತದೆ.

ಪ್ರಾಂತ್ಯದ ನಾಮಿನೇಷನ್ ಸಿಕ್ಕರೆ ಒಮ್ಮೆಗೇ 600 ಅಂಕ. ಆ ಅಂಕದ ಲೆಕ್ಕಕ್ಕೆ ಸೇರದ ಇನ್ನೊಂದು ದಾರಿಯೂ ಇದೆ: ಸಣ್ಣ ಊರಿನ ಕಂಪನಿಯ ಕೆಲಸದ ಮೇಲೆ ಪಿಆರ್ ಕೊಡುವ, 2025ರಲ್ಲಿ ಶುರುವಾದ ಗ್ರಾಮೀಣ ಸಮುದಾಯ ಯೋಜನೆಯಲ್ಲಿ ಥಂಡರ್ ಬೇ, ನಾರ್ತ್ ಬೇ, ಟಿಮ್ಮಿನ್ಸ್, ಬ್ರಾಂಡನ್, ಸ್ಟೈನ್‌ಬಾಕ್‌ನಂಥ 14 ಊರು-ಪ್ರದೇಶಗಳಿವೆ. ಪ್ರತಿ ಊರೂ ತನಗೆ ಬೇಕಾದ ವೃತ್ತಿಗಳ ಪಟ್ಟಿ ಮತ್ತು ಮಾನ್ಯ ಕಂಪನಿಗಳ ಪಟ್ಟಿ ಪ್ರಕಟಿಸುತ್ತದೆ. ಎರಡರಲ್ಲೂ ಹೆಸರಿದೆಯೇ ಎಂದು ನೋಡಿಕೊಂಡು ಶಾಲೆ ಆರಿಸಿದರೆ ವಿದ್ಯಾರ್ಥಿ ದಾರಿಗೂ ಸ್ವಲ್ಪ ಬಲ ಬರುತ್ತದೆ. ಟೊರೊಂಟೊ, ವ್ಯಾಂಕೂವರ್ ಸುತ್ತಲಿನ ಶಾಲೆಗಳಲ್ಲಿ ಈ ಅವಕಾಶ ಇಲ್ಲ.

ಪಿಆರ್ ಆದ ಮೇಲೆಯೂ ಕಾಡುವ ಎರಡು ವಿಷಯ ಮೊದಲೇ ಗೊತ್ತಿರಲಿ. ದೊಡ್ಡ ವಿಮಾನ ನಿಲ್ದಾಣದ ನಿರ್ಬಂಧಿತ ಪ್ರದೇಶದ ಗುರುತಿನ ಚೀಟಿಗೆ ಹಿಂದಿನ ಐದು ವರ್ಷದ ವಾಸ, ಕೆಲಸಗಳ ಪರಿಶೀಲನೆ ನಡೆಯುತ್ತದೆ. ಬೆಂಗಳೂರಿನ ಪಿಜಿ ವಿಳಾಸ, ಹಳೆಯ ಕಂಪನಿಯ ಎಚ್‌ಆರ್ ಸಂಪರ್ಕ ಎಲ್ಲ ಬರೆದಿಟ್ಟುಕೊಳ್ಳಿ. ಹೊಸದಾಗಿ ಬಂದವರದ್ದು ತಿಂಗಳುಗಟ್ಟಲೆ ಎಳೆಯುತ್ತದೆ. ಇನ್ನೊಂದು, ಕೆನಡಾದ ಏರ್‌ಲೈನುಗಳು ಅಮೆರಿಕಕ್ಕೆ ಹಾರುತ್ತವೆ. ಭಾರತದ ಪಾಸ್‌ಪೋರ್ಟಿನವರಿಗೆ, ಪಿಆರ್ ಇದ್ದರೂ, ಸಿಬ್ಬಂದಿಯ ಸಿ1/ಡಿ ವೀಸಾ ಬೇಕು. ಕೆಲಸದ ಜಾಹೀರಾತಿನಲ್ಲಿ "ಎಲ್ಲ ಮಾರ್ಗಗಳಲ್ಲೂ ಅಡ್ಡಿಯಿಲ್ಲದೆ ಪ್ರಯಾಣಿಸುವಂತಿರಬೇಕು" ಎಂದು ಬರೆಯುವುದು ಇದಕ್ಕೇ.

ಭಾರತಕ್ಕೆ ವಾಪಸ್ ಬಂದು ಇಲ್ಲಿನ ಏರ್‌ಲೈನಿಗೆ ಸೇರುವ ಯೋಚನೆಯೂ ಮನಸ್ಸಿನ ಮೂಲೆಯಲ್ಲಿದ್ದರೆ, ಕೆನಡಾದ ಲೈಸೆನ್ಸ್ ಇಲ್ಲಿ ನೇರವಾಗಿ ನಡೆಯುವುದಿಲ್ಲ. ಡಿಜಿಸಿಎ ಪರೀಕ್ಷೆಗಳು, ಇಲ್ಲಿನ ಕ್ಲಾಸ್ 1 ಮೆಡಿಕಲ್, ರೇಡಿಯೊ ಲೈಸೆನ್ಸ್ ಎಲ್ಲ ಮಾಡಿ ಬದಲಾಯಿಸಿಕೊಳ್ಳಬೇಕು. ಪಿಯುಸಿಯಲ್ಲಿ ಫಿಸಿಕ್ಸ್, ಮ್ಯಾಥ್ಸ್ ಇರಬೇಕೆಂಬ ಈವರೆಗಿನ ಷರತ್ತು ನಿಮಗೆ ಅಡ್ಡಿಯಲ್ಲ. ಕೆನಡಾದಲ್ಲಿ ಅಂಥ ಷರತ್ತಿಲ್ಲ ಎಂದು ಹೋದ ಕಾಮರ್ಸ್ ವಿದ್ಯಾರ್ಥಿಗಳಿಗೆ ಅಡ್ಡಿಯಾಗಿದೆ. ಪಿಆರ್ ಉಳಿಯಲು ಪ್ರತಿ ಐದು ವರ್ಷದಲ್ಲಿ 730 ದಿನ ಕೆನಡಾದಲ್ಲಿ ಇರಬೇಕು. ಮೂರು ವರ್ಷಕ್ಕಿಂತ ಹೆಚ್ಚು ಬೆಂಗಳೂರಿನಲ್ಲಿದ್ದು ಹಾರಿದರೆ ಅದು ಕೈಬಿಡುತ್ತದೆ. ಪೌರತ್ವಕ್ಕೆ ಬೇಕಾದದ್ದು ಐದು ವರ್ಷದಲ್ಲಿ 1,095 ದಿನ. ಪೌರತ್ವ ಪಡೆದರೆ ಭಾರತದ ಪಾಸ್‌ಪೋರ್ಟ್ ಒಪ್ಪಿಸಬೇಕು.

ಏಜೆಂಟರ ವಿಷಯ ಕೊನೆಯದು. ಕೆನಡಾ ವಲಸೆಗೆ ಹಣ ಪಡೆದು ಸಲಹೆ ಕೊಡುವವರು ಆರ್‌ಸಿಐಸಿ ನೋಂದಣಿ ಇರುವ ಸಲಹೆಗಾರರೋ ಅಲ್ಲಿನ ವಕೀಲರೋ ಆಗಿರಬೇಕು. ನೋಂದಣಿ ಸಂಖ್ಯೆ ಕೇಳಿ, ಸಲಹೆಗಾರರ ಕಾಲೇಜು ಎಂದು ಕರೆಯುವ ನಿಯಂತ್ರಣ ಸಂಸ್ಥೆಯ ಸಾರ್ವಜನಿಕ ಪಟ್ಟಿಯಲ್ಲಿ ನೀವೇ ಹುಡುಕಿ ನೋಡಿ. ನಿಮ್ಮ ಏಜೆಂಟರಿಗೆ ಶಾಲೆಯಿಂದ ಕಮಿಷನ್ ಬರುತ್ತದೆಯೇ ಎಂದೂ ಕೇಳಿ. ಬರುತ್ತದೆ ಎಂದಾದರೆ ಅವರು ನಿಮಗೆ ಫ್ರೆಂಚ್ ಕಲಿಯಿರಿ ಎಂದು ಯಾಕೆ ಹೇಳಲಿಲ್ಲ ಎಂಬುದು ಅರ್ಥವಾಗುತ್ತದೆ.